ಕಾಕಾನ ಫಾರ್ಮು ಮತ್ತು ಕಂಪನಿಯ ಬಡ್ಡಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಕಾಕಾ ಫೋನ್ ಮಾಡಿದ್ರು. "ಮನ್ಯಾಗ ಅದೀಯೇನಪಾ? ಒಂದು ಇಂಗ್ಲಿಷ್ ಕಾಗದ ಬಂದೈತಿ, ಓದಿ ಹೇಳಬೇಕು ನೋಡು" ಅಂದ್ರು. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಮನೆಯಿಂದ ಅವರ ಮನೆಗೆ ಎರಡೇ ಓಣಿ. ಚಪ್ಪಲಿ ಮೆಟ್ಟಿಕೊಂಡು ಹೋದೆ. ಚಹಾ ಬಂತು. ಚಹಾದ ಜೊತೆ ಆರು ಪುಟದ ಫಾರ್ಮೂ ಬಂತು.

ಕಾಕಾಂದು ಸಣ್ಣ ಶೆಡ್ಡು. ಎರಡು ಲೇಥ್ ಮಷೀನು, ಒಂದು ಡ್ರಿಲ್ಲಿಂಗ್ ಮಷೀನು, ಕಾಕಾ ಸೇರಿ ನಾಲ್ಕು ಮಂದಿ. ಇವರು ಮಾಡಿಕೊಡುವ ಬುಷ್ಷು, ಪಿನ್ನುಗಳು ಗೋಕುಲ ರೋಡಿನ ಒಂದು ದೊಡ್ಡ ವರ್ಕ್‌ಶಾಪಿಗೆ ಹೋಗುತ್ತವೆ. ಆ ವರ್ಕ್‌ಶಾಪಿನ ಮಾಲು ಇನ್ಯಾವುದೋ ದೊಡ್ಡ ಕಂಪನಿಗೆ ಹೋಗುತ್ತದೆ. ಫಾರ್ಮು ಬಂದದ್ದು ಆ ದೊಡ್ಡ ಕಂಪನಿಯಿಂದ, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ಕಾಕಾನ ಮೇಜಿಗೆ.

ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು ಸುಡುತ್ತೀರಿ? ಎಷ್ಟು ಲೀಟರ್ ನೀರು? ಲೋಹದ ಚೂರು ಏನು ಮಾಡುತ್ತೀರಿ? ಕನಿಷ್ಠ ಕೂಲಿ ಕೊಡುತ್ತೀರಾ? ಮಾನವ ಹಕ್ಕುಗಳ ಬಗ್ಗೆ ನಿಮ್ಮ ಲಿಖಿತ ನೀತಿ ಇದೆಯೇ? ಒಟ್ಟು ಕೆಲಸಗಾರರಲ್ಲಿ ಮಹಿಳೆಯರ ಪ್ರಮಾಣ ಎಷ್ಟು?

"ನಾಲ್ಕು ಮಂದ್ಯಾಗ ಪ್ರಮಾಣ ಎಲ್ಲಿಂದ ತರ್ಲಿ? ನಿಮ್ಮ ಕಾಕೂ ದಿನಾ ಮಧ್ಯಾಹ್ನ ಬುತ್ತಿ ತರ್ತಾಳ, ಅಕೀನ್ನ ಬರಕೊಳ್ಳೇನು?" ಅಂದ್ರು. ನಕ್ಕೆವು. ಆಮೇಲೆ ಅವರು ಗಂಭೀರವಾಗಿ ಒಂದು ಪ್ರಶ್ನೆ ಕೇಳಿದ್ರು.

"ಅಲ್ಲಪಾ, ಇದನ್ನೆಲ್ಲಾ ತುಂಬಿ ಕೊಟ್ರ ನನ್ನ ಸಾಲದ ಬಡ್ಡಿ ಏನರೆ ಕಡಿಮಿ ಆಕ್ಕೈತೇನು?"

ಮಷೀನಿಗಾಗಿ ಕಾಕಾ 8 ಲಕ್ಷ ಸಾಲ ತೆಗೆದಿದ್ದಾರೆ. ಕಂತು ಒಮ್ಮೆಯೂ ತಪ್ಪಿಸಿಲ್ಲ. ಬಡ್ಡಿ ಹನ್ನೊಂದೂವರೆ. ಅವರ ಪ್ರಶ್ನೆಗೆ ನಾನು ಕೊಟ್ಟ ಉತ್ತರ: "ನಿಮ್ಮದು ಇಳಿಯೋದಿಲ್ಲ ಕಾಕಾ. ಆದ್ರ ಆ ದೊಡ್ಡ ಕಂಪನೀದು ಒಂಚೂರು ಇಳೀಬಹುದು."

ಅವರು ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ. ಅವತ್ತಿನಿಂದ ತಲೆಯಲ್ಲಿ ಇದೇ ಕೊರೀತಾ ಇದೆ, ಅದಕ್ಕೇ ಬರೆಯಲು ಕೂತೆ.

ಮೊದಲು ವಿಷಯ ಏನು ಅಂತ ನೋಡೋಣ. ಕಂಪನಿಗೆ ದುಡ್ಡು ಪುಕ್ಕಟೆ ಬರುವುದಿಲ್ಲ. ಬ್ಯಾಂಕಿನಿಂದ ಸಾಲ ತಂದರೆ ಬಡ್ಡಿ. ಬಾಂಡ್ ಮಾರಿದರೂ ಬಡ್ಡಿ. ಷೇರು ಮಾರಿದರೆ, ಷೇರು ಕೊಂಡವನು 'ನನಗೆ ಇಷ್ಟು ಲಾಭ ಬರಬೇಕು' ಅಂತ ಮನಸ್ಸಿನಲ್ಲೇ ಒಂದು ಲೆಕ್ಕ ಇಟ್ಟುಕೊಂಡಿರುತ್ತಾನೆ, ಅದೂ ಒಂದು ಥರದ ಬಡ್ಡಿಯೇ. ಈ ಬಡ್ಡಿ ಎಷ್ಟು ಅನ್ನುವುದು ಮುಖ್ಯವಾಗಿ ಒಂದು ಮಾತಿನ ಮೇಲೆ ನಿಂತಿದೆ: ಕೊಡುವವನಿಗೆ ಎಷ್ಟು ಭಯ ಇದೆ?

ನಮ್ಮ ಓಣಿಯ ಕಿರಾಣಿ ಅಂಗಡಿಯನ್ನೇ ನೋಡಿ. ಇಪ್ಪತ್ತು ವರ್ಷದಿಂದ ಗೊತ್ತಿರುವ ಮಾಸ್ತರರಿಗೆ ತಿಂಗಳ ಕೊನೆಯವರೆಗೆ ಉದ್ರಿ ಖಾತೆ. ಮೊನ್ನೆ ಬಾಡಿಗೆಗೆ ಬಂದವನಿಗೆ ನಗದು. ಹೊಸಬ ಕೆಟ್ಟವನು ಅಂತಲ್ಲ, ಅವನ ಬಗ್ಗೆ ಗೊತ್ತಿಲ್ಲ ಅಷ್ಟೆ. ಗೊತ್ತಿಲ್ಲದ್ದಕ್ಕೂ ಒಂದು ಬೆಲೆ ಇದೆ. ಕಂಪನಿಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡರೆ, ಅಂದರೆ ನಾವು ಇಷ್ಟು ನೀರು ಬಳಸುತ್ತೇವೆ, ಇಷ್ಟು ಹೊಗೆ ಬಿಡುತ್ತೇವೆ, ಕೆಲಸಗಾರರನ್ನು ಹೀಗೆ ನೋಡಿಕೊಳ್ಳುತ್ತೇವೆ ಅಂತ ಬಹಿರಂಗ ಮಾಡಿದರೆ, ಸಾಲ ಕೊಡುವವನ ಭಯ ಕಡಿಮೆಯಾಗಿ ಬಡ್ಡಿಯೂ ಇಳಿಯಬೇಕು. ಸಿದ್ಧಾಂತ ಇಷ್ಟೇ.

ಇದು ಬರೀ ಸಿದ್ಧಾಂತ ಅಲ್ಲ. 2011ರಲ್ಲಿ ಧಾಲಿವಾಲ್ ಮತ್ತು ಸಂಗಡಿಗರು ಅಮೆರಿಕದ ಕಂಪನಿಗಳನ್ನು ಅಭ್ಯಾಸ ಮಾಡಿ 'ದಿ ಅಕೌಂಟಿಂಗ್ ರಿವ್ಯೂ' ಅನ್ನುವ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಷೇರು ಬಂಡವಾಳ ತುಟ್ಟಿಯಾಗಿದ್ದ ಕಂಪನಿಗಳೇ ಮರುವರ್ಷ ಸಾಮಾಜಿಕ ಹೊಣೆಯ ವರದಿ ಶುರು ಮಾಡುತ್ತವೆ. ಹಾಗೆ ಶುರು ಮಾಡಿದವರಲ್ಲಿ, ಕೆಲಸವೂ ನಿಜಕ್ಕೂ ಚೆನ್ನಾಗಿದ್ದವರಿಗೆ ಮುಂದೆ ಬಂಡವಾಳದ ವೆಚ್ಚ ಇಳಿಯುತ್ತದೆ. 'ಕೆಲಸವೂ ಚೆನ್ನಾಗಿದ್ದವರಿಗೆ' ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅದೇ ವರ್ಷ ಗಾಸ್ ಮತ್ತು ರಾಬರ್ಟ್ಸ್ ಅನ್ನುವವರು ಅಮೆರಿಕದ 3,996 ಬ್ಯಾಂಕ್ ಸಾಲಗಳನ್ನು ನೋಡಿದರು. ಸಾಮಾಜಿಕ ಹೊಣೆಯ ವಿಷಯದಲ್ಲಿ ಹೆಸರು ಕೆಡಿಸಿಕೊಂಡ ಕಂಪನಿಗಳು ಉಳಿದವರಿಗಿಂತ 7ರಿಂದ 18 ಬೇಸಿಸ್ ಪಾಯಿಂಟ್ ಜಾಸ್ತಿ ಬಡ್ಡಿ ಕೊಡುತ್ತಿದ್ದವು. ನೂರು ಬೇಸಿಸ್ ಪಾಯಿಂಟ್ ಸೇರಿದರೆ ಶೇಕಡಾ ಒಂದು. 1000 ಕೋಟಿ ಸಾಲ ಇದ್ದವರಿಗೆ ಇದು ವರ್ಷಕ್ಕೆ 70 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ. ನಮ್ಮ ಕಾಕಾನ 8 ಲಕ್ಷಕ್ಕೆ ಇದೇ ಲೆಕ್ಕ ಹಾಕಿದರೆ ಹೆಚ್ಚೆಂದರೆ ವರ್ಷಕ್ಕೆ 1,440 ರೂಪಾಯಿ. ಅದಕ್ಕಾಗಿ ಯಾವ ಬ್ಯಾಂಕ್ ಮ್ಯಾನೇಜರ್ ಆರು ಪುಟ ಓದಿಯಾನು ಹೇಳಿ?

ಆ ಅಭ್ಯಾಸದಲ್ಲಿ ಇನ್ನೊಂದು ಮಾತಿದೆ, ನನಗೆ ಅದೇ ಬಹಳ ಹಿಡಿಸಿದ್ದು. ತಮ್ಮ ಖುಷಿಗೆ ಮಾಡಿದ ಸಮಾಜಸೇವೆಗೆ ಬ್ಯಾಂಕುಗಳು ಬಡ್ಡಿ ಇಳಿಸಲಿಲ್ಲ. ಒಳ್ಳೆಯ ಸಾಲಗಾರನ ದಾನಧರ್ಮವನ್ನು ಅವು ಲೆಕ್ಕಕ್ಕೇ ಹಿಡಿಯಲಿಲ್ಲ. ಕೈ ಬಿಗಿ ಇರುವ ಸಾಲಗಾರ ದಾನ ಮಾಡಿದರಂತೂ 'ನಮ್ಮ ದುಡ್ಡಲ್ಲಿ ದಾನ ಮಾಡ್ತಾನೆ' ಅಂತ ಇನ್ನಷ್ಟು ಬಡ್ಡಿ ಹೇರಿದವು! ಒಟ್ಟಿನಲ್ಲಿ, ಪುಣ್ಯಕ್ಕೆ ರಿಯಾಯಿತಿ ಇಲ್ಲ, ಪಾಪಕ್ಕೆ ದಂಡ ಇದೆ. ಸಾಲ ಕೊಡುವವನಿಗೆ ನೀವು ಶಾಲೆಗೆ ಎಷ್ಟು ಬೆಂಚು ಕೊಟ್ಟಿರಿ ಅನ್ನುವುದು ಬೇಕಿಲ್ಲ. ನಿಮ್ಮ ಕಾರ್ಖಾನೆಯ ಮೇಲೆ ನಾಳೆ ಕೋರ್ಟಿನ ಬೀಗ ಬೀಳುತ್ತದೋ ಇಲ್ಲವೋ ಅಷ್ಟೇ ಬೇಕು.

ಈಗ ನಮ್ಮ ದೇಶಕ್ಕೆ ಬರೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ನಿವ್ವಳ ಆಸ್ತಿ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ... ಇದರಲ್ಲಿ ಒಂದಿದ್ದರೂ ಸಾಕು, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು. ನಮ್ಮಲ್ಲಿ ಸಿ.ಎಸ್.ಆರ್. ಅಂದರೆ ಜನ ಇದನ್ನೇ ತಿಳಿದುಕೊಂಡಿದ್ದಾರೆ. ಬೋರ್ಡು, ರಿಬ್ಬನ್ನು, ಶಾಲು, ಫೋಟೋ.

ಮಾರುಕಟ್ಟೆ ಇದನ್ನು ಹೇಗೆ ನೋಡಿತು? ಮಂಚಿರಾಜು ಮತ್ತು ರಾಜಗೋಪಾಲ್ 2017ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಕಾಯ್ದೆಯಿಂದಾಗಿ ಖರ್ಚು ಮಾಡಲೇಬೇಕಾಗಿ ಬಂದ ಕಂಪನಿಗಳ ಷೇರು ಬೆಲೆ ಸರಾಸರಿ ಶೇ. 4.1ರಷ್ಟು ಬಿತ್ತು. ಆದರೆ ಜಾಹೀರಾತಿಗೆ ಜಾಸ್ತಿ ಸುರಿಯುವ ಕಂಪನಿಗಳಿಗೆ ಏನೂ ಆಗಲಿಲ್ಲವಂತೆ! ದಾನ ಮಾಡಿದ್ದನ್ನು ಡಂಗುರ ಸಾರುವ ಶಕ್ತಿ ಇದ್ದವನು ಬಚಾವ್.

ಇನ್ನೊಂದು ಕಡೆ ಸೆಬಿ ಕೂಡ ಬೇರೆ ದಾರಿಯಲ್ಲಿ ಹೊರಟಿತು. 2012ರಲ್ಲಿ ಮೊದಲ 100 ಕಂಪನಿಗಳಿಗೆ ವ್ಯವಹಾರದ ಹೊಣೆಗಾರಿಕೆ ವರದಿ ಕಡ್ಡಾಯ ಮಾಡಿತು. 2021ರಲ್ಲಿ ಅದನ್ನೇ ಬೆಳೆಸಿ ಬಿ.ಆರ್.ಎಸ್.ಆರ್. ಅನ್ನುವ ದೊಡ್ಡ ನಮೂನೆ ತಂದಿತು. 2022-23ರಿಂದ ಮೊದಲ 1000 ಕಂಪನಿಗಳಿಗೆ ಅದು ಕಡ್ಡಾಯ. ನೀರು, ಹೊಗೆ, ಕೂಲಿ, ಅಪಘಾತ, ದೂರು, ಎಲ್ಲಾ ಅದರಲ್ಲಿ ಬರೆಯಬೇಕು. 2023ರಲ್ಲಿ, ನಿಮಗೆ ಮಾಲು ಕೊಡುವವರ ಲೆಕ್ಕವನ್ನೂ ಬರೆಯಿರಿ ಅಂದಿತು. ಅದು ಕಷ್ಟ ಅಂತ ಕೂಗೆದ್ದ ಮೇಲೆ 2024ರ ಡಿಸೆಂಬರಿನಲ್ಲಿ ಒಂದು ವರ್ಷ ಮುಂದಕ್ಕೆ ಹಾಕಿ, ಕಡ್ಡಾಯ ಅಲ್ಲ, ಇಷ್ಟವಿದ್ದರೆ ಮಾಡಿ ಅಂತ ಸಡಿಲಿಸಿತು. ಅದೂ ಕಂಪನಿಯ ಖರೀದಿ ಅಥವಾ ಮಾರಾಟದಲ್ಲಿ ಶೇ. 2ಕ್ಕಿಂತ ಕಡಿಮೆ ಪಾಲು ಇರುವವರ ಲೆಕ್ಕ ಬೇಕಿಲ್ಲ. ಕಾಕಾನ ಬುಷ್ಷು ಪಿನ್ನುಗಳ ಪಾಲು ಶೇ. 2 ಹೋಗಲಿ, ಅದರ ಸಾವಿರದಲ್ಲಿ ಒಂದು ಭಾಗವೂ ಆಗಲಾರದು. ಆದರೂ ಫಾರ್ಮು ಬಂತು. ಮೇಲಿನವನು ಕೇಳಿದ, ಕೆಳಗಿನವನು ಎಲ್ಲರಿಗೂ ಕಳಿಸಿ ಕೈ ತೊಳೆದುಕೊಂಡ.

ಇಲ್ಲಿಯವರೆಗೆ ಸರಿ. ಆದರೆ ಬರೆದದ್ದೆಲ್ಲ ನಿಜ ಅಂತ ನಂಬೋದು ಹೇಗೆ?

ಸತ್ಯಂ ಕಂಪನಿ ನೆನಪಿದೆಯಾ? 2008ರಲ್ಲಿ ಅದಕ್ಕೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಸಿಕ್ಕಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕಪತ್ರದಲ್ಲಿ ಸಾವಿರಾರು ಕೋಟಿ ಸುಳ್ಳು ಅಂತ ಒಪ್ಪಿಕೊಂಡರು. ಪ್ರಶಸ್ತಿಯನ್ನು ವಾಪಸ್ ಪಡೆದರು. ಆದರೆ ವಿಚಿತ್ರ ನೋಡಿ, 2005ರಲ್ಲಿ ಹೈದರಾಬಾದಿನಲ್ಲಿ 108 ಆಂಬುಲೆನ್ಸ್ ನಡೆಸುವ ಸಂಸ್ಥೆ ಶುರು ಮಾಡಿದ್ದೂ ಇದೇ ರಾಜು. ನಮ್ಮ ರಾಜ್ಯಕ್ಕೆ 108 ಬಂದದ್ದು 2008ರ ನವೆಂಬರಿನಲ್ಲಿ. ಎಷ್ಟು ಜನರ ಜೀವ ಉಳಿಸಿದೆಯೋ ಲೆಕ್ಕವಿಲ್ಲ. ಆಂಬುಲೆನ್ಸು ನಿಜ, ಲೆಕ್ಕ ಸುಳ್ಳು. ಒಬ್ಬನೇ ಮನುಷ್ಯ, ಎರಡೂ ಕೆಲಸ. ದಾನ ನೋಡಿ ಸಾಲ ಕೊಟ್ಟಿದ್ದರೆ ಗೋವಿಂದ!

ಹಾಗಾದರೆ ನಿಜ ಯಾರಿಗೆ ಗೊತ್ತಿರುತ್ತದೆ?

ನಮ್ಮ ಪಕ್ಕದ ಬಳ್ಳಾರಿಯನ್ನೇ ತಗೊಳ್ಳಿ. ಗಣಿಗಾರಿಕೆ ಜೋರಿದ್ದ ಕಾಲದಲ್ಲಿ ಸಂಡೂರು, ಹೊಸಪೇಟೆ ಕಡೆಗೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ಮರದ ಎಲೆಯೂ ಕೆಂಪು, ಅಂಗಿಯ ಕಾಲರೂ ಕೆಂಪು, ರಸ್ತೆ ತುಂಬಾ ಲಾರಿ. ರಸ್ತೆ ಪಕ್ಕದ ಹೊಲದವನಿಗೆ ಏನು ನಡೆಯುತ್ತಿದೆ ಅಂತ ತಿಳಿಯಲು ಯಾವ ವರದಿಯೂ ಬೇಕಿರಲಿಲ್ಲ. ಆದರೆ ಮುಂಬೈಯಲ್ಲಿ ಕೂತು ಸಾಲ ಕೊಡುವವನ ಕಣ್ಣಿಗೆ ಈ ಧೂಳು ಬೀಳುವುದಿಲ್ಲವಲ್ಲ. 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್. ಆರ್. ಹಿರೇಮಠರ ಸಂಸ್ಥೆ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ. ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದು ಹಬ್ಬಿತು. ಗಣಿಗಳಷ್ಟೇ ಅಲ್ಲ, ಅವುಗಳ ಅದಿರು ನಂಬಿದ್ದ ಉಕ್ಕಿನ ಕಾರ್ಖಾನೆಗಳೂ ಒದ್ದಾಡಿದವು. ಸಾಲ ಕೊಟ್ಟವರು ಹೆದರುವ 'ರಿಸ್ಕ್' ಅಂದರೆ ಇದೇ. ಹೊಲದವನಿಗೆ ಅದು ಎಷ್ಟೋ ಮೊದಲೇ ಗೊತ್ತಿತ್ತು. ಅವನನ್ನು ಕೇಳಿದವರು ಯಾರೂ ಇರಲಿಲ್ಲ.

ನಾನು ಇಷ್ಟು ಹೊತ್ತು ಹೇಳಲು ಒದ್ದಾಡುತ್ತಿದ್ದ ಮಾತು ಇದೇ. ಸಾಲ ಕೊಡುವವನು ಒಂದೂರಲ್ಲಿ, ನಿಜ ಗೊತ್ತಿರುವವನು ಇನ್ನೊಂದೂರಲ್ಲಿ. ವರದಿ ಹೋಗುವುದು ಮೊದಲನೆಯವನಿಗೆ ಮಾತ್ರ, ಅದೂ ಇಂಗ್ಲಿಷಿನಲ್ಲಿ.

ಬಳ್ಳಾರಿಯ ಮಾತು ಬಂದದ್ದಕ್ಕೆ ಒಂದು ಒಳ್ಳೆಯ ಉದಾಹರಣೆಯನ್ನೂ ಅಲ್ಲಿಂದಲೇ ಕೊಡುತ್ತೇನೆ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಗೊತ್ತಲ್ಲ, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದದ್ದು. ಅಲ್ಲಿ ಗಾಡಿಗೆ ಕಾಯುತ್ತಾ ನಿಂತರೆ ಗೋವಾ ಕಡೆಯಿಂದ ಬಂದು ಗದಗಿನ ದಾರಿ ಹಿಡಿಯುವ ಕಲ್ಲಿದ್ದಲಿನ ಗೂಡ್ಸ್ ರೈಲುಗಳು ಕಾಣುತ್ತವೆ. ಮುರಗಾಂವ್ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಕ್ಯಾಸಲ್ ರಾಕ್ ಘಾಟು ಹತ್ತಿ, ಹುಬ್ಬಳ್ಳಿ ದಾಟಿ, ತೋರಣಗಲ್ಲಿನ ಜೆ.ಎಸ್.ಡಬ್ಲ್ಯು. ಉಕ್ಕಿನ ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ.

ಈ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಹೊರದೇಶದಲ್ಲಿ 50 ಕೋಟಿ ಡಾಲರಿನ ಒಂದು ಬಾಂಡ್ ಮಾರಿತು. ಬಡ್ಡಿ ಶೇ. 5.05, ತೀರಿಸುವುದು 2032ಕ್ಕೆ. ಅದರಲ್ಲಿ ಒಂದು ಕರಾರಿದೆ. 2030ರ ಮಾರ್ಚಿನೊಳಗೆ ಒಂದು ಟನ್ ಕಚ್ಚಾ ಉಕ್ಕಿಗೆ ಬಿಡುವ ಇಂಗಾಲದ ಡೈಆಕ್ಸೈಡ್ ಅನ್ನು 1.95 ಟನ್ನಿಗೆ ಇಳಿಸಬೇಕು. ತಪ್ಪಿದರೆ ಬಡ್ಡಿ 37.5 ಬೇಸಿಸ್ ಪಾಯಿಂಟ್ ಏರುತ್ತದೆ. ಅಂದರೆ ವರ್ಷಕ್ಕೆ 18 ಲಕ್ಷ 75 ಸಾವಿರ ಡಾಲರ್. ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ ಸುಮಾರು 16 ಕೋಟಿ.

ಅಷ್ಟು ದೊಡ್ಡ ಕಂಪನಿಗೆ 16 ಕೋಟಿ ಏನೂ ಅಲ್ಲ, ಅದೂ ಕೊನೆಯ ಒಂದೆರಡು ವರ್ಷ ಮಾತ್ರ ಅಂತ ನೀವು ಅನ್ನಬಹುದು. ಒಪ್ಪಿದೆ. ಆದರೂ ನನಗೆ ಈ ಕರಾರು ಹಿಡಿಸಿತು. ಯಾಕೆಂದರೆ ಇಲ್ಲಿ ಮೂರು ವಿಷಯ ಸ್ಪಷ್ಟ. ಏನು ಮಾಡುತ್ತೇವೆ ಅನ್ನುವುದಕ್ಕೆ ಒಂದು ಅಂಕಿ ಇದೆ. ಯಾವಾಗ ಅನ್ನುವುದಕ್ಕೆ ತಾರೀಖಿದೆ. ಮಾತು ತಪ್ಪಿದರೆ ಕಿಸೆಯಿಂದ ಎಷ್ಟು ಹೋಗುತ್ತದೆ ಅನ್ನುವುದೂ ಇದೆ.

ಅದೇ ಬರೀ 'ಹಸಿರು' ಅಂತ ಹೆಸರಿಟ್ಟರೆ ಏನಾಗುತ್ತದೆ? ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮೊದಲ ಸಲ ಹಸಿರು ಬಾಂಡ್ ಮಾರಿದಾಗ ಮಾಮೂಲಿ ಬಾಂಡಿಗಿಂತ ಐದಾರು ಬೇಸಿಸ್ ಪಾಯಿಂಟ್ ಕಡಿಮೆ ಬಡ್ಡಿಗೆ ದುಡ್ಡು ಸಿಕ್ಕಿತು. ಆಮೇಲಿನ ಹರಾಜುಗಳಲ್ಲಿ ಆ ಲಾಭ ಹೆಚ್ಚೂಕಡಿಮೆ ಕರಗಿಹೋಯಿತು. ಹೆಸರಿಗೆ ಯಾರೂ ಬಹಳ ದಿನ ದುಡ್ಡು ಬಿಟ್ಟುಕೊಡುವುದಿಲ್ಲ.

ಈಗ ಇದನ್ನು ನಮ್ಮ ಊರಿನ ಸಿ.ಎಸ್.ಆರ್. ಬೋರ್ಡುಗಳ ಪಕ್ಕ ಇಟ್ಟು ನೋಡಿ.

ಹುಬ್ಬಳ್ಳಿಯಿಂದ ಅರ್ಧ ತಾಸಿನ ದಾರಿಯಲ್ಲಿ ಒಂದು ಹಳ್ಳಿ. ಪರಿಚಯದವರೊಬ್ಬರ ಮನೆಯ ಕಾರ್ಯಕ್ಕೆ ಹೋಗಿದ್ದೆ. ಊಟ ಮುಗಿಸಿ ಶಾಲೆಯ ಅಂಗಳದಲ್ಲಿ ಅಡ್ಡಾಡುವಾಗ ಚಂದದ ಶೌಚಾಲಯ ಕಂಡಿತು. ಹೊಳೆಯುವ ಬೋರ್ಡು, ಕಂಪನಿಯ ಹೆಸರು (ಇಲ್ಲಿ ಬೇಡ), ಉದ್ಘಾಟನೆಯ ತಾರೀಖು. ಬಾಗಿಲಿಗೆ ಬೀಗ. ಬೀಗಕ್ಕೆ ತುಕ್ಕು. ಅಲ್ಲೇ ಆಡುತ್ತಿದ್ದ ಹುಡುಗಿಯೊಬ್ಬಳನ್ನು ಕೇಳಿದೆ. "ನೀರ ಇಲ್ರೀ ಅಂಕಲ್, ಪೈಪ ಹಾಕೇ ಇಲ್ಲ" ಅಂದಳು. ಮತ್ತೆ ನೀವೆಲ್ಲಿ ಹೋಗ್ತೀರಿ ಅಂತ ಕೇಳಲು ಬಾಯಿ ಬರಲಿಲ್ಲ.

ಮನೆಗೆ ಬಂದು ಆ ಕಂಪನಿಯ ವಾರ್ಷಿಕ ವರದಿ ತೆಗೆದು ನೋಡಿದೆ. ನೂರಾರು ಪುಟ. ಹಿಂದಿನ ಅನುಬಂಧದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಶಾಲಾ ಮಕ್ಕಳಿಗೆ ನೈರ್ಮಲ್ಯ ಸೌಲಭ್ಯ, ಜಿಲ್ಲೆ ಧಾರವಾಡ, ಖರ್ಚಾದ ಮೊತ್ತ ಇಷ್ಟು. ಸುಳ್ಳಲ್ಲ. ಖರ್ಚು ಆಗಿದೆ, ಕಟ್ಟಡ ಇದೆ, ಫೋಟೋನೂ ಇದೆ. ನೀರೊಂದು ಇಲ್ಲ. ನೀರಿದೆಯೋ ಇಲ್ಲವೋ ಅಂತ ಕೇಳುವ ಕಾಲಮ್ಮು ಅದರಲ್ಲಿ ಇಲ್ಲ.

ಕಾನೂನು ಏನೂ ಮಾಡಿಲ್ಲ ಅಂತಲ್ಲ. 2021ರಿಂದ ಈಚಿನ ತಿದ್ದುಪಡಿಗಳಲ್ಲಿ ಕೆಲವು ಒಳ್ಳೆಯ ಬದಲಾವಣೆ ಬಂದವು. ಖರ್ಚಾಗದ ದುಡ್ಡನ್ನು ಬೇರೆ ಖಾತೆಗೋ ಸರ್ಕಾರ ಹೇಳಿದ ನಿಧಿಗೋ ಹಾಕಬೇಕು, ಇಲ್ಲದಿದ್ದರೆ ದಂಡ. ಸಿ.ಎಸ್.ಆರ್. ದುಡ್ಡಿನಲ್ಲಿ ಆಸ್ತಿ ಮಾಡಿದರೆ ಅದರ ವಿವರ, ಪಿನ್‌ಕೋಡ್ ಸಮೇತ, ವರದಿಯಲ್ಲಿ ಕೊಡಬೇಕು. ಸಿ.ಎಸ್.ಆರ್. ಬಾಧ್ಯತೆ 10 ಕೋಟಿ ಅಥವಾ ಹೆಚ್ಚಿರುವ ಕಂಪನಿಗಳು 1 ಕೋಟಿ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಪರಿಣಾಮವನ್ನು ಹೊರಗಿನವರಿಂದ ಅಳೆಸಬೇಕು. ಆದರೆ ಹಳ್ಳಿಯ ಶೌಚಾಲಯಕ್ಕೆ 1 ಕೋಟಿ ಯಾರು ಹಾಕುತ್ತಾರೆ? ಅದು ಕೆಲವು ಲಕ್ಷದ ಮಾತು. ಅಳೆಯುವವರ ಜರಡಿಯಿಂದ ಕೆಳಗೆ ಉದುರಿಹೋಗುತ್ತದೆ. ಕಾರ್ಖಾನೆಯ ಸುತ್ತಮುತ್ತಲಿನ ಪ್ರದೇಶಕ್ಕೆ ಮೊದಲ ಆದ್ಯತೆ ಕೊಡಿ ಅಂತಲೂ 135ನೇ ಕಲಮಿನಲ್ಲೇ ಇದೆ. ಆದ್ಯತೆ ಸುತ್ತಮುತ್ತಲಿನವರಿಗೆ ಅಂದಮೇಲೆ ಲೆಕ್ಕವನ್ನೂ ಅವರಿಗೇ ಒಪ್ಪಿಸಬೇಕಲ್ಲವೇ? ಪಿನ್‌ಕೋಡ್ ಇದೆ, ಆ ಪಿನ್‌ಕೋಡಿನಲ್ಲಿ ಇರುವವರಿಗೆ ಮಾತ್ರ ವರದಿ ತಲುಪಿಲ್ಲ.

ನನ್ನ ಬೇಡಿಕೆ ಸಣ್ಣದು. ಒಂದು, ಕರ್ನಾಟಕದಲ್ಲಿ ಸಿ.ಎಸ್.ಆರ್. ಖರ್ಚು ಮಾಡಿದ ಪ್ರತಿ ಕಂಪನಿ ಆಯಾ ಊರಿನ ಲೆಕ್ಕವನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯ್ತಿಯಲ್ಲಿ ಅಥವಾ ವಾರ್ಡ್ ಆಫೀಸಿನಲ್ಲಿ ಅಂಟಿಸಲಿ. ಏನು ಕಟ್ಟಿದೆವು, ಎಷ್ಟು ದುಡ್ಡು, ಈಗ ನಡೆಯುತ್ತಿದೆಯೋ ಇಲ್ಲವೋ. ಎರಡು, ಗ್ರಾಮಸಭೆಯಲ್ಲಿ ಅದನ್ನು ಓದಿ, ಜನ ಏನಂದರು ಅನ್ನುವ ಎರಡು ಸಾಲು ಕಂಪನಿಯ ವರದಿಯಲ್ಲಿ ಸೇರಲಿ, ಬೈದದ್ದೂ ಸೇರಲಿ. ಮೂರು, ಸಾಲ ಕೊಡುವ ಬ್ಯಾಂಕುಗಳು ಆ ಎರಡು ಸಾಲು ಓದಲಿ. ಮಾತು ತಪ್ಪಿದವರಿಗೆ ಬಡ್ಡಿ ಏರುವ ಕರಾರು ಸಿಂಗಾಪುರದ ಬಾಂಡಿಗಷ್ಟೇ ಅಲ್ಲ, ಇಲ್ಲಿನ ಸಾಲಕ್ಕೂ ಇರಲಿ.

'ಹಳ್ಳಿಯವರು ಏನಂದರೆ ಮುಂಬೈಯವನಿಗೆ ಏನು?' ಅಂತ ನನ್ನ ಗೆಳೆಯನೊಬ್ಬ ನಕ್ಕ. ಒಂದು ಊರಿನ ಬೀಗ ಹಾಕಿದ ಶೌಚಾಲಯದಿಂದ ಯಾವ ಕಂಪನಿಯೂ ಮುಳುಗುವುದಿಲ್ಲ, ನಿಜ. ಆದರೆ ಐವತ್ತು ಊರಿನಲ್ಲಿ ಐವತ್ತು ಬೀಗ ಇದ್ದರೆ? ಆ ಕಂಪನಿ ಬರೆದ ನೀರಿನ ಲೆಕ್ಕ, ಅಪಘಾತದ ಲೆಕ್ಕವನ್ನು ಸಾಲ ಕೊಡುವವನು ಎಷ್ಟು ನಂಬಬೇಕು? ಸಣ್ಣದರಲ್ಲಿ ನೋಡಿಯೇ ಅಲ್ಲವೇ ದೊಡ್ಡದನ್ನು ಅಳೆಯುವುದು. ಅನ್ನ ಬೆಂದಿದೆಯೋ ಅಂತ ನೋಡಲು ಒಂದು ಅಗುಳು ಸಾಕು. ಮತ್ತೆ ನೆಟ್ಟಗೆ ಕೆಲಸ ಮಾಡುವ ಕಂಪನಿಗೂ ಇದು ಲಾಭದ ಮಾತೇ. ಊರಿನವರೇ ಹೌದು ಅಂದ ವರದಿಗೆ ಬೆಲೆ ಜಾಸ್ತಿ, ಮೊದಲು ಹೇಳಿದ ಧಾಲಿವಾಲರ ಅಭ್ಯಾಸ ಹೇಳಿದ್ದೂ ಅದನ್ನೇ, ಬರೀ ಹೇಳಿದವನಿಗಲ್ಲ, ಮಾಡಿ ಹೇಳಿದವನಿಗೆ ಬಡ್ಡಿ ಇಳಿಯಿತು.

ಇದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಊರ ಸಾಹುಕಾರನ ಬಡ್ಡಿಯಿಂದ ರೈತ ಪಾರಾಗಿದ್ದು ಹೇಗೆ? ಸಾಲ ಕೊಡುವವನೂ, ತಗೊಳ್ಳುವವನೂ, ನಿಜ ಬಲ್ಲವನೂ ಒಂದೇ ಊರಲ್ಲಿ ಇದ್ದರು. ಯಾರು ದುಡಿಯುತ್ತಾನೆ, ಯಾರು ಉಡಾಳ ಅಂತ ಗೊತ್ತಿತ್ತು. ಅದಕ್ಕೇ ಕಡಿಮೆ ಬಡ್ಡಿಗೆ ಕೊಡಲು ಸಾಧ್ಯವಾಯಿತು. ಊರು ದೊಡ್ಡದಾಯಿತು, ಬಂಡವಾಳ ಸಮುದ್ರ ದಾಟಿತು, ಸರಿ. ಆದರೆ ನಿಜ ಬಲ್ಲವನನ್ನು ಕೇಳುವ ಪದ್ಧತಿಯನ್ನೂ ಬಿಡಬೇಕಿರಲಿಲ್ಲ.

ಮತ್ತೆ ಕಾಕಾನ ವಿಷಯ. ಅವರ ಶೆಡ್ಡಿನಲ್ಲಿ ಈವರೆಗೆ ಯಾರ ಬೆರಳೂ ಹೋಗಿಲ್ಲ. ಹುಡುಗರಿಗೆ ಶನಿವಾರ ಸಂಜೆ ಪಗಾರ ಕೈಯಲ್ಲಿ. ಒಬ್ಬನ ತಾಯಿಗೆ ಆಪರೇಷನ್ ಆದಾಗ ಎರಡು ತಿಂಗಳ ಪಗಾರ ಮುಂಗಡ ಕೊಟ್ಟು, ಅದನ್ನು ವಾಪಸ್ ಕೇಳಲೇ ಇಲ್ಲ. ಇದಕ್ಕೆಲ್ಲ ಹೆಸರು ಸಾಮಾಜಿಕ ಹೊಣೆ ಅಂತ ಅವರಿಗೆ ಗೊತ್ತಿಲ್ಲ. ಆ ಆರು ಪುಟದಲ್ಲಿ ಇದನ್ನು ಬರೆಯುವ ಜಾಗವೂ ಇಲ್ಲ. ಅಲ್ಲಿ ಕೇಳಿರುವುದು ಲಿಖಿತ ನೀತಿ ಇದೆಯೇ, ಹೌದು ಅಥವಾ ಇಲ್ಲ. ನಾವು 'ಇಲ್ಲ' ಅಂತ ಟಿಕ್ ಹಾಕಿದೆವು. ಗೆಳೆಯ ಹೇಳಿದ, ನೆಟ್‌ನಲ್ಲಿ ಒಂದು ನೀತಿ ಇಳಿಸಿಕೊಂಡು ಸಹಿ ಮಾಡಿಸಿದರೆ 'ಹೌದು' ಅಂತ ಹಾಕಬಹುದಿತ್ತಂತೆ. ಕಾಕಾ ಒಪ್ಪಲಿಲ್ಲ.

"ಇಲ್ಲದ್ದು ಐತಿ ಅಂತ ಯಾಕ ಬರೀಬೇಕು? ನಾಳೆ ಯಾರರೆ ಬಂದು ತೋರಿಸು ಅಂದ್ರ?" ಅಂದ್ರು.

ಕಾಕಾ, ಯಾರೂ ಬರೋದಿಲ್ಲ ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಯಾರಾದರೂ ಬರಲಿ ಅನ್ನುವ ಆಸೆಯಿಂದಲೇ ಇಷ್ಟುದ್ದ ಬರೆದಿದ್ದೇನೆ. ಬಂದವರು ಶೆಡ್ಡನ್ನೂ ನೋಡಲಿ, ಹಾಗೇ ಅರ್ಧ ತಾಸು ಮುಂದೆ ಹೋಗಿ ಆ ಶಾಲೆಯ ಬೀಗವನ್ನೂ ನೋಡಲಿ.